ಅಟ್ಟಕ್ಕೆ ಮಡಚೋ ಮೆಟ್ಟಿಲು ಹಾಕ್ಸಿ, ಆದ್ರೆ ಮೂಟೆಗೆ ಬೇರೆ ದಾರಿ ಮಾಡಿ

ಈಚೆಗೆ ನನ್ನ ಮೊಬೈಲಿಗೆ ಒಂದೇ ಥರದ ವಿಡಿಯೋ ನಾಲ್ಕೈದು ಜನರಿಂದ ಬಂದಿದೆ. ಅಮೆರಿಕದ ಯಾವುದೋ ಮನೆಯ ಕಾರ್ ಶೆಡ್. ಮನೆಯಾತ ಸೂರಿನಿಂದ ಇಳಿಬಿಟ್ಟ ಹಗ್ಗ ಜಗ್ಗುತ್ತಾನೆ, ಮೇಲೊಂದು ಬಾಗಿಲು ತೆರೆದುಕೊಳ್ಳುತ್ತೆ, ಅದರ ಬೆನ್ನಿಗೆ ಮೂರು ಮಡಿಕೆಯಾಗಿ ಕೂತಿದ್ದ ಮೆಟ್ಟಿಲು ಬಿಚ್ಚಿಕೊಂಡು ನೆಲಕ್ಕೆ ಬಂದು ನಿಲ್ಲುತ್ತೆ. ಅರ್ಧ ನಿಮಿಷದಲ್ಲಿ ಆತ ಅಟ್ಟದ ಮೇಲೆ. ಇಳಿದು ಬಂದ ಮೇಲೆ ಮಡಚಿ ಮೇಲಕ್ಕೆ ತಳ್ಳಿದರೆ ಮೆಟ್ಟಿಲು ಇತ್ತು ಅನ್ನೋದೇ ಗೊತ್ತಾಗಲ್ಲ. ಜೊತೆಗೆ ಒಂದು ಪ್ರಶ್ನೆ: "ಅಣ್ಣಾ, ನಮ್ಮ ಶೆಡ್ಡಿಗೂ ಇಂಥದ್ದು ಹಾಕ್ಸಬಹುದಾ?"

ಹಾಕ್ಸಬಹುದು. ಮುರುಕು ಬಿದಿರಿನ ಏಣಿ ಒರಗಿಸಿಕೊಂಡು ಅಟ್ಟ ಹತ್ತುತ್ತಿರುವವರು ಹಾಕ್ಸಲೇಬೇಕು ಅನ್ನುವವನು ನಾನು. ಆದರೆ ಒಂದು ಷರತ್ತು ಇದೆ, ಆ ಷರತ್ತು ಒಪ್ಪದಿದ್ದರೆ ದುಡ್ಡು ದಂಡ ಮಾಡಬೇಡಿ. ಆ ಮೆಟ್ಟಿಲ ಮೇಲೆ ಮನುಷ್ಯ ಮಾತ್ರ ಓಡಾಡಬೇಕು. ಮೂಟೆ ಹೊತ್ತ ಮನುಷ್ಯ ಅಲ್ಲ.

ಯಾಕೆ ಅಂತ ಹೇಳೋದಕ್ಕೆ ಮೊದಲು ನಮ್ಮ ಅಟ್ಟ ಎಂಥದ್ದು ಅಂತ ನೋಡೋಣ. ಮಲೆನಾಡಿನ ಕಡೆ ಜೀಪು, ಟಿಲ್ಲರ್, ಬೈಕು ನಿಲ್ಲಿಸುವ ಶೆಡ್ಡಿನ ಮೇಲೆ ಹಲಗೆ ಹಾಸಿ ಅಟ್ಟ ಮಾಡಿಕೊಂಡವರು ಬಹಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಬೆವರುತ್ತಾ ಇರುತ್ತೆ. ಕೆಳಗಿಟ್ಟ ಚಾಲಿ ಅಡಿಕೆಗೆ, ಕಾಳುಮೆಣಸಿಗೆ ಬೂಸ್ಟು ಬರೋದಕ್ಕೆ ಹೆಚ್ಚು ದಿನ ಬೇಡ. ಹಾಗಾಗಿ ದರ ಬರಲಿ ಅಂತ ಕಾಯೋ ಮಾಲೆಲ್ಲ ಅಟ್ಟಕ್ಕೆ. ಅದರ ಪಕ್ಕದಲ್ಲೇ ಖಾಲಿ ಗೋಣಿ, ಹಳೇ ಪೈಪು, ಸ್ಪ್ರೇಯರ್, ಅಪ್ಪನ ಕಾಲದ ತಕ್ಕಡಿ. ಮೇಲೆ ಹೋಗೋದಕ್ಕೆ ಎರಡು ಗಳ, ನಡುವೆ ಎಂಟೋ ಹತ್ತೋ ಮೆಟ್ಟಿಲು, ಅದರಲ್ಲಿ ಒಂದು ಯಾವಾಗಲೂ ಇರಲ್ಲ. ಇಲ್ಲದ ಆ ಮೆಟ್ಟಿಲು ಎಷ್ಟನೆಯದು ಅಂತ ಮನೆಯವರಿಗೆಲ್ಲ ಕತ್ತಲಲ್ಲೂ ಗೊತ್ತು. ಹೊಸದಾಗಿ ಬಂದ ಆಳಿಗೆ ಗೊತ್ತಿರಲ್ಲ.

ಅಡಿಕೆ ಮರ ಹತ್ತೋದು ಅಪಾಯ ಅಂತ ನಾವೆಲ್ಲ ಈಗ ಒಪ್ಪಿದ್ದೇವೆ. ಬಂಟ್ವಾಳ ಕಡೆಯ ರೈತರೊಬ್ಬರ ಮರ ಹತ್ತುವ ಬೈಕಿನ ವಿಡಿಯೋ 2019ರಲ್ಲಿ ದೇಶವೆಲ್ಲ ಓಡಾಡಿತು. ಆಮೇಲೆ ಕಾರ್ಬನ್ ಫೈಬರ್ ದೋಟಿ ಬಂತು, ನೆಲದ ಮೇಲೇ ನಿಂತು ಕೊನೆ ಇಳಿಸೋದು, ಔಷಧಿ ಹೊಡೆಯೋದು ಶುರುವಾಯ್ತು. ಸಾವಿರಾರು ರೂಪಾಯಿ ಕೊಟ್ಟು ಕೊಂಡೆವು, ತಪ್ಪಲ್ಲ. ಆದರೆ ಅದೇ ದೋಟಿಯನ್ನು ಎತ್ತಿಡೋದಕ್ಕೆ ಮೆಟ್ಟಿಲಿಲ್ಲದ ಏಣಿ ಹತ್ತುತ್ತೇವೆ.

ನಮ್ಮ ಚಿಕ್ಕಪ್ಪ ಬಿದ್ದದ್ದು ಮರದಿಂದ ಅಲ್ಲ, ಏಣಿಯಿಂದಲೂ ಅಲ್ಲ. ಅಟ್ಟದ ಮೇಲಿಂದ. ಜುಲೈ ತಿಂಗಳು, ಮೆಣಸಿಗೆ ದರ ಏರಿದೆ ಅಂತ ಸುದ್ದಿ ಬಂದ ದಿನ. ಮೂಟೆಯ ಎರಡು ಕಿವಿ ಹಿಡಿದು ಹಿಂದಕ್ಕೆ ಎಳೆದುಕೊಂಡು ಬರ್ತಾ ಇದ್ದರು. ಕಂಡಿ ಹತ್ತಿರ ಬಂದದ್ದು ಗೊತ್ತಾಗಲಿಲ್ಲ. ಒಂಬತ್ತೂವರೆ ಅಡಿ ಕೆಳಗೆ ಟಿಲ್ಲರ್ ಹ್ಯಾಂಡಲ್ ಪಕ್ಕ ಬಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಯ್ತು, ಮೂರು ತಿಂಗಳು ಮಂಚ. ಮನೆಯವರೆಲ್ಲ ಆಸ್ಪತ್ರೆಗೆ ಓಡಾಡುವಾಗ ತೋಟಕ್ಕೆ ಎರಡನೇ ಸುತ್ತಿನ ಬೋರ್ಡೊ ಹೊಡೆಯೋರು ಯಾರು? ಮೊದಲ ಸುತ್ತು ಆಗಿ ನಲವತ್ತು ನಲವತ್ತೈದು ದಿನಕ್ಕೆ ಆಗಬೇಕಾದದ್ದು ಆಗಲೇ ಇಲ್ಲ. ಆ ವರ್ಷ ಕೊಳೆ ರೋಗಕ್ಕೆ ಅರ್ಧ ಫಸಲು ಉದುರಿತು. ಮೆಣಸಿನ ದರದಲ್ಲಿ ಬಂದ ಲಾಭದ ಲೆಕ್ಕ ಆಮೇಲೆ ಯಾರೂ ಹಾಕಲಿಲ್ಲ.

ಇಷ್ಟಾದ ಮೇಲೆ ನಮ್ಮ ಮನೆಯಲ್ಲಿ ಮಡಚೋ ಮೆಟ್ಟಿಲಿನ ಮಾತು ಬಂತು. ನಾನೂ ವಿಡಿಯೋ ನೋಡಿದೆ, ಎಲ್ಲರ ಹಾಗೆ ಮರುಳಾದೆ. ನಮ್ಮ ಆಚಾರ್ರಿಗೆ ತೋರಿಸಿದೆ. ಅವರು ಎರಡು ಸಲ ನೋಡಿ, "ಮಾರಾಯ್ರೇ, ಇವ ಕೈಯಲ್ಲಿ ಹಿಡ್ಕೊಂಡು ಹೋಗ್ತಿರೋದು ಎಂಥದು?" ಅಂತ ಕೇಳಿದರು. ರಟ್ಟಿನ ಡಬ್ಬ. "ಅದ್ರಲ್ಲಿ ಅಡಿಕೆ ಇಲ್ವಲ್ಲ" ಅಂದರು. ಅವರು ಹೇಳಿದ್ದರಲ್ಲೇ ಎಲ್ಲ ಇತ್ತು, ನನಗೆ ಅರ್ಥ ಆಗೋದಕ್ಕೆ ಸ್ವಲ್ಪ ಲೆಕ್ಕ ಬೇಕಾಯ್ತು.

ಆ ಲೆಕ್ಕ ಹೀಗಿದೆ. ಅಮೆರಿಕದ ಮರದ ಮನೆಗಳಲ್ಲಿ ಸೂರಿನ ಅಡ್ಡಮರಗಳನ್ನು ಹೆಚ್ಚಾಗಿ 16 ಇಲ್ಲವೇ 24 ಇಂಚಿಗೆ ಒಂದರಂತೆ ಹಾಕುತ್ತಾರೆ, ಮಧ್ಯದಿಂದ ಮಧ್ಯಕ್ಕೆ ಅಳೆದು. ಒಂದು ಮರದ ದಪ್ಪ ಒಂದೂವರೆ ಇಂಚು. 24ರಲ್ಲಿ ಒಂದೂವರೆ ಕಳೆದರೆ 22ೂವರೆ ಇಂಚು ಉಳಿಯುತ್ತೆ. ಅಲ್ಲಿ ಸಿಗೋ ಮಡಚುವ ಮೆಟ್ಟಿಲಿನ ಸಾಮಾನ್ಯ ಕಂಡಿ ಅಳತೆ ಎಷ್ಟು ಗೊತ್ತಾ? 22ೂವರೆ ಇಂಚು ಅಗಲ, 54 ಇಂಚು ಉದ್ದ. ಅಂದರೆ ಆ ಮೆಟ್ಟಿಲು ಹುಟ್ಟಿದ್ದೇ ಅವರ ಎರಡು ಅಡ್ಡಮರದ ನಡುವೆ ಕೂರೋದಕ್ಕೆ. ಮೂಟೆ ಹೊತ್ತವನು ಅದರಲ್ಲಿ ತೂರಬೇಕು ಅಂತ ಯಾರೂ ಯೋಚಿಸಿಲ್ಲ. ತುಂಬಿದ ಗೋಣಿಯನ್ನು ಹೆಗಲಿಗೇರಿಸಿಕೊಂಡು 22ೂವರೆ ಇಂಚಿನ ಕಂಡಿಯಲ್ಲಿ ನುಗ್ಗಿ ನೋಡಿ, ಒಂದೋ ಮೂಟೆ ಸಿಕ್ಕಿಬೀಳುತ್ತೆ, ಇಲ್ಲ ನಿಮ್ಮ ತಲೆ.

ಇನ್ನು ಭಾರ. ಈ ಮೆಟ್ಟಿಲುಗಳ ಮೇಲೆ ಎಷ್ಟು ತೂಕ ತಡೆಯುತ್ತೆ ಅಂತ ಬರೆದಿರುತ್ತೆ. ಕಡಿಮೆಯವು 250 ಪೌಂಡ್, ಅಂದರೆ 113 ಕೆಜಿ. ಗಟ್ಟಿ ಅಲ್ಯೂಮಿನಿಯಂನಲ್ಲಿ 375 ಪೌಂಡ್, ಅಂದರೆ 170 ಕೆಜಿವರೆಗೂ ಇದೆ. ಆಳು 70 ಕೆಜಿ, ಅಡಿಕೆ ಮೂಟೆ 65 ಕೆಜಿ ಹಿಡಿಯಿರಿ. ಒಟ್ಟು 135. ಮೊದಲನೆಯದರ ಲೆಕ್ಕ ಅಲ್ಲಿಗೇ ಮುಗೀತು. ಎರಡನೆಯದು ತಡೆಯುತ್ತಲ್ಲ ಅಂತ ಕೇಳಬಹುದು. ಮೆಟ್ಟಿಲು ತಡೆಯುತ್ತೆ, ಕಾಲು ತಡೆಯಬೇಕಲ್ಲ? ಮಡಚೋ ಮೆಟ್ಟಿಲಿನ ಹಲಗೆ ನಾಲ್ಕು ಇಂಚಿನ ಆಸುಪಾಸು, ಅಂಗಾಲು ಪೂರ್ತಿ ಕೂರಲ್ಲ. ಏರು ಮನೆಯ ಮೆಟ್ಟಿಲಿನ ಹಾಗಲ್ಲ, ಏಣಿಯ ಹಾಗೆ ಕಡಿದು. ಎರಡೂ ಕೈ ಹಿಡಿಕೆಯ ಮೇಲೆ ಇರಲೇಬೇಕು. ಮೂಟೆ ಹಿಡಿದ ಕೈ ಮೆಟ್ಟಿಲು ಹಿಡಿಯೋದಿಲ್ಲ.

ಅಟ್ಟದ ಬಲವೂ ಬೇರೆ. ಅಮೆರಿಕದ ವಸತಿ ನಿಯಮದಲ್ಲಿ ಅಲ್ಪಸ್ವಲ್ಪ ಸಾಮಾನು ಇಡೋ ಅಟ್ಟಕ್ಕೆ ಚದರ ಅಡಿಗೆ 20 ಪೌಂಡ್ ಭಾರ ಅಂತ ಲೆಕ್ಕ ಹಾಕುತ್ತಾರೆ, ಅಂದರೆ ಚದರ ಮೀಟರಿಗೆ ಸುಮಾರು 98 ಕೆಜಿ. ನಮ್ಮ ಒಂದು ಅಡಿಕೆ ಮೂಟೆ ಮಲಗಿಸಿದರೆ ಅರ್ಧ ಚದರ ಮೀಟರೂ ಆಗಲ್ಲ, ಅಷ್ಟರಲ್ಲೇ 65 ಕೆಜಿ. ಒಂದರ ಮೇಲೊಂದು ಎರಡಿಟ್ಟರೆ ಕತೆ ಏನು! ಹಾಗಾಗಿ ಹೊಸ ಶೆಡ್ ಕಟ್ಟುವವರು ವಿಡಿಯೋ ನೋಡಿ ಅಂಥದ್ದೇ ತೆಳು ಅಟ್ಟ ಮಾಡಿಸಬೇಡಿ. ಹಳೇ ಅಟ್ಟ ಇರುವವರು ಮೂಟೆಗಳನ್ನು ಗೋಡೆ ಬದಿಗೆ, ತೊಲೆ ಕೂತ ಕಡೆ ಜೋಡಿಸಿ. ನಡುವೆ ರಾಶಿ ಹಾಕೋ ಅಭ್ಯಾಸ ಬಿಡಿ.

ಸರಿ, ಷರತ್ತು ಒಪ್ಪಿದಿರಿ ಅಂತಿಟ್ಟುಕೊಳ್ಳೋಣ. ಹಾಕ್ಸೋದು ಹೇಗೆ?

ಕಂಡಿ ಎಲ್ಲಿ ತೆಗೀಬೇಕು ಅನ್ನೋದನ್ನು ಶೆಡ್ಡಿನಲ್ಲಿ ಗಾಡಿ ನಿಂತಿರುವಾಗಲೇ ನಿರ್ಧಾರ ಮಾಡಿ. ಖಾಲಿ ಶೆಡ್ಡಿನಲ್ಲಿ ಎಲ್ಲ ಕಡೆಯೂ ಜಾಗ ಕಾಣುತ್ತೆ. ಒಂಬತ್ತು ಅಡಿ ಎತ್ತರದ ಅಟ್ಟಕ್ಕೆ ಮೆಟ್ಟಿಲು ಬಿಚ್ಚಿದರೆ ಕೀಲು ಇರೋ ತುದಿಯಿಂದ ಅದರ ಬುಡ ಐದಡಿಗೂ ಮುಂದೆ ಬಂದು ನಿಲ್ಲುತ್ತೆ, ಬಿಚ್ಚುವಾಗ ತಿರುಗೋದಕ್ಕೆ ಇನ್ನೂ ಸ್ವಲ್ಪ ಬೇಕು, ಅದರ ಮುಂದೆ ನೀವು ನಿಲ್ಲಬೇಕು. ಎಂಟಡಿ ಜಾಗ ಬಿಟ್ಟುಕೊಳ್ಳಿ. ಇಲ್ಲದಿದ್ದರೆ ಮೆಟ್ಟಿಲು ಜೀಪಿನ ಬಾನೆಟ್ ಮೇಲೆ ಇಳಿಯುತ್ತೆ, ದಿನಾ ಜೀಪು ತೆಗೆಯೋದಕ್ಕೆ ಬೇಜಾರಾಗಿ ಆರು ತಿಂಗಳಲ್ಲಿ ಹಳೇ ಏಣಿ ವಾಪಸ್ ಬರುತ್ತೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎತ್ತರ ಅಳೆಯೋದು ನೆಲದಿಂದ ಸೂರಿನ ಅಡಿಮೈಗೆ. ಸಿದ್ಧ ಮೆಟ್ಟಿಲುಗಳು ಇಷ್ಟರಿಂದ ಇಷ್ಟು ಎತ್ತರಕ್ಕೆ ಅಂತ ಬರುತ್ತವೆ. 8 ಅಡಿ 9 ಇಂಚಿನಿಂದ 10 ಅಡಿ ಅನ್ನೋದು ಅದರಲ್ಲಿ ಸಾಮಾನ್ಯ. ಟ್ರ್ಯಾಕ್ಟರ್ ಟಾಪ್ ತಾಗಬಾರದು ಅಂತ ಹನ್ನೆರಡು ಹದಿಮೂರು ಅಡಿ ಎತ್ತರ ಮಾಡಿಸಿದ್ದರೆ ಈ ಆಸೆ ಬಿಟ್ಟುಬಿಡಿ, ಅಲ್ಲಿಗೆ ಗೋಡೆಗೆ ಕೂಡಿಸಿದ ಕಬ್ಬಿಣದ ಮೆಟ್ಟಿಲೇ ಸರಿ. ನಿಜ ಹೇಳಬೇಕು ಅಂದರೆ ಗೋಡೆ ಬದಿ ಮೂರಡಿ ಅಗಲ, ಹತ್ತಡಿ ಉದ್ದ ಜಾಗ ಬಿಡೋದಕ್ಕೆ ಆಗುವವರು ಯಾರೂ ಮಡಚೋ ಮೆಟ್ಟಿಲು ಹಾಕ್ಸಬೇಕಿಲ್ಲ. ಸ್ಥಿರವಾದ ಮೆಟ್ಟಿಲಿಗೆ ಸಮ ಇನ್ನೊಂದಿಲ್ಲ. ಜಾಗ ಇಲ್ಲದವನ ಉಪಾಯ ಇದು.

ಆರ್‌ಸಿಸಿ ಸ್ಲ್ಯಾಬ್ ಇದ್ದರೆ ಕೊರೆಯಬೇಡಿ. ಒಳಗಿನ ಕಂಬಿ ಕತ್ತರಿಸಿದರೆ ಸ್ಲ್ಯಾಬ್ ಯಾವಾಗ ಜಗ್ಗುತ್ತೆ ಹೇಳೋದಕ್ಕೆ ಬರಲ್ಲ, ಎಂಜಿನಿಯರ್ ಬಂದು ನೋಡದೆ ಆ ಕೆಲಸಕ್ಕೆ ಕೈ ಹಾಕೋದು ಹುಚ್ಚುತನ. ಕಬ್ಬಿಣದ ಟ್ರಸ್ ಇದ್ದರೆ ಅದರ ಕೆಳಗಿನ ಅಡ್ಡ ಪಟ್ಟಿಗೂ ಅದೇ ಮಾತು. ವೆಲ್ಡಿಂಗ್ ಹುಡುಗ "ಕಟ್ ಮಾಡಿ ಆಮೇಲೆ ಜಾಯಿಂಟ್ ಹೊಡೀತೀನಿ ಬಿಡಿ ಸಾರ್" ಅಂದರೂ ಬೇಡ.

ಮರದ ಅಟ್ಟ ಆದರೆ ಮೊದಲು ಜಂತೆಗಳ ಆರೋಗ್ಯ ನೋಡಿ. ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಬೊದ್ ಅಂದರೆ ಒಳಗೆ ಗೆದ್ದಲು ಊಟ ಮುಗಿಸಿದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗಿಳಿಯೋ ಮರಕ್ಕೆ ಯಾವ ಮೆಟ್ಟಿಲೂ ಬೇಡ, ಮೊದಲು ಮರ ಬದಲಿಸಿ. ಕಂಡಿಯ ಉದ್ದ ಜಂತೆ ಓಡುವ ದಿಕ್ಕಿಗೇ ಇರಲಿ, ಆಗ ಕತ್ತರಿಸೋದು ಕಡಿಮೆ. ಆದರೂ ನಮ್ಮ ಹಳೇ ಅಟ್ಟಗಳಲ್ಲಿ ಜಂತೆಗಳು ಹತ್ತಿರ ಹತ್ತಿರ ಇರೋದರಿಂದ ಒಂದಾದರೂ ಕತ್ತರಿಸಬೇಕಾಗಿ ಬರುತ್ತೆ. ಕತ್ತರಿಸೋದಕ್ಕೆ ಮೊದಲು ಎರಡೂ ಕಡೆ ಕೆಳಗಿನಿಂದ ಗೂಟ ಕೊಟ್ಟು ನಿಲ್ಲಿಸಿ, ಮೇಲಿನ ಮೂಟೆ ಪೂರ್ತಿ ಇಳಿಸಿರಿ. ಕತ್ತರಿಸಿದ ಜಂತೆಯ ಎರಡು ತುದಿಗೂ ಅಡ್ಡ ಜಂತೆ ಜೋಡಿಯಾಗಿ ಬರಬೇಕು, ಆ ಅಡ್ಡ ಜಂತೆ ಅಕ್ಕಪಕ್ಕದ ಉದ್ದ ಜಂತೆಗೆ ಬೋಲ್ಟ್ ಆಗಬೇಕು, ಆ ಉದ್ದ ಜಂತೆಗಳಿಗೂ ಒಂದೊಂದು ಜೊತೆ ಮರ ಸೇರಿಸಬೇಕು. ಯಾಕೆಂದರೆ ಕತ್ತರಿಸಿದ್ದು ಹೊರುತ್ತಿದ್ದ ಭಾರವನ್ನೂ ಇನ್ನು ಮೇಲೆ ಅವೇ ಹೊರಬೇಕು.

ಚೌಕಟ್ಟು ಕೂರಿಸೋದು ಇಬ್ಬರ ಕೆಲಸ, ಮೂವರಿದ್ದರೆ ಒಳ್ಳೇದು. ಕಂಡಿಯ ಎರಡು ತುದಿಗೆ ಕೆಳಗಿನಿಂದ ತಾತ್ಕಾಲಿಕವಾಗಿ ರೀಪು ಹೊಡೆದು, ಅವು ಅರ್ಧ ಇಂಚು ಒಳಗೆ ಚಾಚಿರುವ ಹಾಗೆ ಮಾಡಿಕೊಂಡರೆ ಚೌಕಟ್ಟು ಅದರ ಮೇಲೆ ಕೂತಿರುತ್ತೆ, ಕೈ ಸೋಲಲ್ಲ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ, ಎರಡು ಅಳತೆ ಒಂದೇ ಇದ್ದರೆ ಚೌಕ ಸರಿ ಇದೆ. ಸಂದು ಇದ್ದ ಕಡೆ ಬೆಣೆ ಕೊಟ್ಟು ಆಮೇಲೆ ಸ್ಕ್ರೂ ಬಿಗಿಯಿರಿ. ಸ್ಕ್ರೂ ಮೂರು ಇಂಚಿನ ದಪ್ಪ ತಲೆಯ ಬೋಲ್ಟ್ ಥರದ್ದು ಬೇಕು. ಪಿಒಪಿ ಸೀಲಿಂಗಿಗೆ ಹಾಕೋ ಕಪ್ಪು ಸ್ಕ್ರೂ ಮಾತ್ರ ಬೇಡ, ಭಾರ ಬಿದ್ದರೆ ಅದು ಬಾಗಲ್ಲ, ಟಕ್ ಅಂತ ತುಂಡಾಗುತ್ತೆ. ಹಲಸು, ಮತ್ತಿ, ಹೊನ್ನೆಯಂಥ ಹಳೇ ಮರಕ್ಕೆ ಮೊದಲು ಡ್ರಿಲ್‌ನಿಂದ ಸಣ್ಣ ತೂತು ಮಾಡಿಕೊಳ್ಳಿ. ಇಲ್ಲದಿದ್ದರೆ ಸ್ಕ್ರೂ ತಲೆ ಹಾರುತ್ತೆ, ಇಲ್ಲ ಮರ ಸೀಳುತ್ತೆ. ಮೆಟ್ಟಿಲಿಗೆ ಕಟ್ಟಿ ಬಂದಿರೋ ಪಟ್ಟಿಯನ್ನು ಚೌಕಟ್ಟು ಪೂರ್ತಿ ಬಿಗಿದ ಮೇಲೆಯೇ ಕತ್ತರಿಸಬೇಕು. ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿರುತ್ತೆ, ಹಲ್ಲು ಉದುರಿಸುವಷ್ಟು ಜೋರಿದೆ ಅದಕ್ಕೆ.

ಎಲ್ಲರೂ ಎಡವೋದು ಕೊನೆಯಲ್ಲಿ, ಕೆಳಗಿನ ಕಾಲು ಕತ್ತರಿಸುವಾಗ. ಶೆಡ್ಡಿನ ನೆಲಕ್ಕೆ ನೀರು ಹೊರಗೆ ಹೋಗಲಿ ಅಂತ ಬಾಗಿಲ ಕಡೆ ಇಳಿಜಾರು ಕೊಟ್ಟಿರ್ತೇವೆ, ಹಾಗಾಗಿ ಎಡಗಾಲಿನ ಅಳತೆ ಬಲಗಾಲಿಗೆ ಬರೋದಿಲ್ಲ. ಎರಡನ್ನೂ ಬೇರೆ ಬೇರೆ ಅಳೆದು ಗುರುತು ಹಾಕಿ. ಬಿಚ್ಚಿ ನಿಲ್ಲಿಸಿದಾಗ ಮೂರೂ ತುಂಡುಗಳು ಸಂದಿಲ್ಲದೆ ಒಂದಕ್ಕೊಂದು ಕೂತು ನೆಟ್ಟಗೆ ಒಂದೇ ಗೆರೆಯಾಗಬೇಕು. ಕಾಲು ಉದ್ದ ಆದರೆ ಮಡಿಕೆಯ ಹತ್ತಿರ ಬಾಯಿ ಬಿಡುತ್ತೆ, ಹತ್ತಿದಾಗಲೆಲ್ಲ ಕೀಲು ತಿರುಚಿಕೊಳ್ಳುತ್ತೆ. ಗಿಡ್ಡ ಆದರೆ ಇಡೀ ಭಾರ ಮೇಲಿನ ಕೀಲಿಗೆ ಜೋತು ಬೀಳುತ್ತೆ. ಎರಡೂ ಒಂದಿನ ಕೈಕೊಡುತ್ತವೆ. ಮಣ್ಣಿನ ನೆಲ ಆದರೆ ಕಾಲು ಕೂರೋ ಜಾಗಕ್ಕೆ ಒಂದು ಸೈಜುಗಲ್ಲು ಹೂತು ಮಟ್ಟ ಮಾಡಿಕೊಂಡೇ ಅಳೆಯಿರಿ.

ಮರವೋ ಅಲ್ಯೂಮಿನಿಯಮ್ಮೋ ಅಂತ ಕೇಳ್ತಾರೆ. ಅಲ್ಯೂಮಿನಿಯಂ ಹಗುರ, ಗೆದ್ದಲು ಹಿಡಿಯಲ್ಲ. ಆದರೆ ನಮ್ಮ ಶೆಡ್ಡಿನ ಗೋಡೆಯಲ್ಲೇ ಪಂಪ್‌ಸೆಟ್ ಸ್ಟಾರ್ಟರ್ ಇರುತ್ತೆ, ಅದರ ವೈರು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹತ್ತಿರದಲ್ಲಿ ಜೋತಾಡೋ ವೈರ್ ಇದ್ದರೆ ಮೊದಲು ಅದನ್ನು ಪೈಪಿನೊಳಗೆ ಹಾಕ್ಸಿ, ಅಲ್ಲಿವರೆಗೆ ಮರದ್ದೇ ಇರಲಿ.

ಕಂಡಿಯ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿ. ಮೆಣಸು, ಏಲಕ್ಕಿ ವಾಸನೆ ಬೇಗ ಹೀರಿಕೊಳ್ಳುತ್ತವೆ. ಕೆಳಗೆ ಟಿಲ್ಲರ್ ಚಾಲೂ ಮಾಡಿದ ಹೊಗೆ ದಿನಾ ಮೇಲೇರಿದರೆ ವ್ಯಾಪಾರಿ ಮೂಗಿಗೆ ಅದು ಗೊತ್ತಾಗುತ್ತೆ. ಇಲಿ ಕಾಟವೂ ಸ್ವಲ್ಪ ಕಡಿಮೆ. ಪೆಟ್ರೋಲ್ ಕ್ಯಾನು, ಕೀಟನಾಶಕ ಅಟ್ಟಕ್ಕೆ ಹೋಗಲೇಬಾರದು.

ಚಿಕ್ಕಪ್ಪ ಬಿದ್ದ ಕಾರಣಕ್ಕೆ ಔಷಧಿ ಇರೋದು ಮೆಟ್ಟಿಲಿನಲ್ಲಿ ಅಲ್ಲ, ಅಟ್ಟದ ಮೇಲೆ. ಕಂಡಿಯ ಮೂರು ಬದಿಗೆ ಮೂರಡಿ ಎತ್ತರದ ಕಟಾಂಜನ ನಿಲ್ಲಿಸಿ. ಹತ್ತಿ ಬರೋ ಬದಿ ಮಾತ್ರ ತೆರೆದಿರಲಿ, ಅದಕ್ಕೂ ಒಂದು ಸರಪಳಿ. ದೀಪದ ಸ್ವಿಚ್ ಕೆಳಗೊಂದು, ಮೇಲೊಂದು. ಅಂಗಡಿಯವರು ಮೆಟ್ಟಿಲು ಮಾರುತ್ತಾರೆ, ಕಟಾಂಜನದ ಮಾತು ಎತ್ತಲ್ಲ. ವಿಡಿಯೋದಲ್ಲೂ ಬಹಳ ಸಲ ಇರೋದಿಲ್ಲ. ನನ್ನ ಕೇಳಿದರೆ ದುಡ್ಡು ಕಡಿಮೆ ಇದ್ದವರು ಮೊದಲು ಕಟಾಂಜನ ಮಾಡಿಸಿ, ಮೆಟ್ಟಿಲು ಮುಂದಿನ ವರ್ಷ ಬರಲಿ.

ಈಗ ಮೂಟೆಯ ದಾರಿ. ಶೆಡ್ಡಿನ ಒಂದು ತುದಿಯಲ್ಲಿ, ಪಿಕಪ್ ಬಂದು ಹಿಂಬದಿ ಕೊಟ್ಟು ನಿಲ್ಲೋ ಕಡೆ, ಮೂರಡಿಗೆ ಮೂರಡಿ ಇನ್ನೊಂದು ಕಂಡಿ ಬೇಕು, ಜಂತೆಗೆ ಮೊದಲಿನದ್ದೇ ಕಟ್ಟುನಿಟ್ಟು. ಬೇಡದಾಗ ಮುಚ್ಚೋದಕ್ಕೆ ಎರಡು ರೆಕ್ಕೆಯ ಬಾಗಿಲು, ಸುತ್ತ ಕಟಾಂಜನ. ಅದರ ನೇರ ಮೇಲೆ ಎರಡು ಗೋಡೆಗೆ ಕೂತ ಹಾಗೆ ಕಬ್ಬಿಣದ ಗರ್ಡರ್, ಅದಕ್ಕೆ ಅರ್ಧ ಟನ್ನಿನ ಚೈನ್ ಪುಲ್ಲಿ. ಹೆಂಚು ಹೊತ್ತ ಪಕಾಸಿಗೆ ನೇತು ಹಾಕಬೇಡಿ, ಅದಕ್ಕೆ ಮಾಡಿದ್ದಲ್ಲ ಅದು.

ಬಾವಿಯ ರಾಟೆ ಸಾಲಲ್ವಾ ಅಂತ ಅಪ್ಪ ಕೇಳಿದ್ದರು. ಒಂದೇ ರಾಟೆಯಲ್ಲಿ 65 ಕೆಜಿ ಎತ್ತೋದಕ್ಕೆ 65 ಕೆಜಿಯಷ್ಟೇ ಜಗ್ಗಬೇಕು, ಉಜ್ಜಾಟ ಬೇರೆ. ಜಗ್ಗುವವನ ಕೈ ಜಾರಿದರೆ ಮೂಟೆ ಕೆಳಗೆ. ಚೈನ್ ಪುಲ್ಲಿಯಲ್ಲಿ ಕೈ ಬಿಟ್ಟರೂ ಮೂಟೆ ಅಲ್ಲೇ ನಿಲ್ಲುತ್ತೆ. ನಿಧಾನ, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಒಂದು ಮೂಟೆಗೆ ಎರಡು ಮೂರು ನಿಮಿಷ ಹಿಡಿಯುತ್ತೆ. ಕರೆಂಟಿನ ಸಣ್ಣ ಹಾಯ್ಸ್ಟ್ ಬೇಗ ಎತ್ತುತ್ತೆ. ಅದರ ಮೇಲೆ 100/200 ಅಂತ ಬರೆದಿದ್ದರೆ ಒಂಟಿ ಎಳೆಯಲ್ಲಿ 100 ಕೆಜಿ, ಕೊಕ್ಕೆಗೆ ಇನ್ನೊಂದು ಗಾಲಿ ಸೇರಿಸಿ ಜೋಡಿ ಎಳೆ ಮಾಡಿದಾಗ 200 ಅಂತ ಅರ್ಥ, ಒಂಟಿ ಎಳೆಯಲ್ಲಿ ಎರಡು ಮೂಟೆ ಕಟ್ಟಬೇಡಿ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟ್ ನಂಬಿ ಮೂಟೆ ಗಾಳಿಯಲ್ಲಿ ನೇತಾಡಿಸೋ ಧೈರ್ಯ ನನಗಿಲ್ಲ, ನಿಮಗಿದ್ದರೆ ನಿಮ್ಮಿಷ್ಟ. ಮೂಟೆಯ ಕಿವಿಗೆ ಕೊಕ್ಕೆ ಹಾಕದೆ ಪಟ್ಟಿ ಸುತ್ತಿ ಇಲ್ಲವೇ ದಪ್ಪ ಹಗ್ಗದ ಬಲೆಯಲ್ಲಿ ಕೂರಿಸಿ ಎತ್ತಿ. ಗೋಣಿ ಹೊಲಿಗೆ ಯಾವಾಗ ಬಿಚ್ಚುತ್ತೋ ಯಾರಿಗೆ ಗೊತ್ತು. ಎತ್ತುವಾಗ ಕೆಳಗೆ ಯಾರೂ ನಿಲ್ಲಬಾರದು, "ಒಂದ್ನಿಮಿಷ ಚಪ್ಪಲಿ ತಗೊಳ್ತೀನಿ" ಅಂತ ಬರೋ ಹುಡುಗರು ಸಹ.

ನಮ್ಮ ಮನೆಯಲ್ಲಿ ಇದಕ್ಕೆ ವಿರೋಧ ಬಂದದ್ದು ದುಡ್ಡಿನ ಕಾರಣಕ್ಕಲ್ಲ. "ಇಷ್ಟು ವರ್ಷ ಹೊತ್ತಿಲ್ವಾ ನಾವು" ಅನ್ನೋ ಮಾತು. ಹೊತ್ತಿದ್ದಾರೆ. ಆಗ ಮನೆಯಲ್ಲಿ ಹೊರೋದಕ್ಕೆ ಆರು ಜನ ಇದ್ದರು, ಒಬ್ಬರು ಬಿದ್ದರೆ ಐವರು ತೋಟ ನೋಡುತ್ತಿದ್ದರು. ಈಗ ಎಷ್ಟೋ ಮನೆಗಳಲ್ಲಿ ತೋಟಕ್ಕೆ ಇಳಿಯುವವನು ನೀವೊಬ್ಬರೇ, ಉಳಿದಿರೋದು ಅರವತ್ತು ದಾಟಿದ ಅಪ್ಪ ಅಮ್ಮ. ನೀವು ಪೇಟೆಗೆ ಹೋದಾಗ ಅಮ್ಮ ಗೋಣಿ ತರೋದಕ್ಕೆ ಅಟ್ಟ ಹತ್ತೇ ಹತ್ತುತ್ತಾರೆ, ಬೇಡ ಅಂದರೂ ಕೇಳಲ್ಲ. ಅವರಿಗೆ ಮಡಚೋ ಮೆಟ್ಟಿಲು ಬಳಸೋದು ಒಂದು ಸಲ ಕಲಿಸಿಕೊಡಿ: ಬಾಗಿಲು ಎಳೆಯುವಾಗ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಮೂರೂ ಮಡಿಕೆ ಪೂರ್ತಿ ಬಿಚ್ಚಿದೆಯಾ ನೋಡಿಯೇ ಕಾಲಿಡಬೇಕು, ಸೆರಗು ಸಿಕ್ಕಿಸಿಕೊಳ್ಳಬೇಕು, ಇಳಿಯುವಾಗ ಬೆನ್ನಲ್ಲ, ಮುಖ ಮೆಟ್ಟಿಲ ಕಡೆ ಇರಬೇಕು.

ಕೆಲಸ ಇಟ್ಟುಕೊಳ್ಳೋದಾದರೆ ಅಟ್ಟ ಖಾಲಿ ಆದ ಮೇಲೆ, ಮಳೆ ಹಿಡಿಯೋದಕ್ಕೆ ಮೊದಲು ಇಟ್ಟುಕೊಳ್ಳಿ. ಮರ ಒಣಗಿರುತ್ತೆ, ಆಚಾರ್ರೂ ಸಿಗ್ತಾರೆ. ಮೊದಲ ಮಳೆಗಾಲ ಕಳೆದ ಮೇಲೆ ಮತ್ತೆ ಒಂದು ಸಲ ಕೀಲು, ಸ್ಕ್ರೂ ಎಲ್ಲ ನೋಡಿ ಬಿಗಿ ಮಾಡಿ, ತೇವಕ್ಕೆ ಮರ ಹಿಗ್ಗಿ ಕುಗ್ಗಿ ಸಡಿಲ ಆಗಿರುತ್ತೆ. ಹಳೇ ಬಿದಿರಿನ ಏಣಿಯನ್ನು ಮಾತ್ರ ಶೆಡ್ಡಿನ ಮೂಲೆಯಲ್ಲಿ ಇಡಬೇಡಿ. ಇದ್ದರೆ ಯಾರಾದರೂ ಹತ್ತುತ್ತಾರೆ. ನಮ್ಮಲ್ಲಿ ಅದು ಬಚ್ಚಲ ಒಲೆಗೆ ಹೋಯ್ತು.